ಕಳೆದುಕೊಂಡವರೇ ಗುರುತು ಹೇಳಲಿ

ಕಡ್ಡಿರಾಂಪುರ
೧೦ ನವೆಂಬರ್ ೨೦೨೫, ಸೋಮವಾರ

ಬಸಕ್ಕನಿಗೆ ಗಂಗೋತ್ರಿಯ ನಮಸ್ಕಾರ.

ಆ ಮೇಲ್‌ನಲ್ಲಿದ್ದ ಲಿಂಕನ್ನು ಒತ್ತಿದವಳು ನಾನು. ಪಾಸ್‌ವರ್ಡ್ ಹಾಕಿದವಳು ನಾನು. ಫೋನಿಗೆ ಬಂದ ಒಟಿಪಿಯನ್ನೂ ನಾನೇ ಹಾಕಿದೆ. ನಮ್ಮ ಹೋಮ್‌ಸ್ಟೇ ಹೆಸರಿನಲ್ಲಿ ಏಳು ಕುಟುಂಬಗಳಿಗೆ ಮೋಸವಾಗಿದ್ದು ನನ್ನ ಕೈಯಿಂದ. ಕೆಲಸ ಕಳೆದುಕೊಂಡು ಊರಿಗೆ ಹೋದವಳು ಮಾತ್ರ ನೀನು.

ಈ ನಾಲ್ಕು ಸಾಲು ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು. ಫೋನ್ ಮಾಡೋಣವೆಂದರೆ ನೀನು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದೀಯಂತೆ. ಹೊಸಪೇಟೆಯಲ್ಲಿ ಆಟೋ ಓಡಿಸುವ ನಿಮ್ಮ ಅಣ್ಣನ ಮಗ ಯಲ್ಲೇಶ್ ಹೋದ ವಾರ ಸಿಕ್ಕಿದ್ದ. "ನಮ್ಮತ್ತಿ ಫೋನ್ ಕಂಡ್ರ ಚೇಳು ಕಂಡಂಗ ಮಾಡ್ತಾಳ, ರಿಂಗಾದ್ರ ಹೊರಗ ಹೋಗ್ತಾಳ" ಎಂದ. ಅದಕ್ಕೇ ಕಾಗದ. ನಿನಗೆ ಓದಲು ತೊಂದರೆಯಾಗಬಾರದೆಂದು ಅಕ್ಷರ ಬಿಡಿಸಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ಈ ಕಾಗದವನ್ನು ನಿಮ್ಮ ಓಣಿಯಲ್ಲಿ ಯಾರಿಗೆ ಬೇಕಾದರೂ ಓದಿ ಹೇಳು, ಯಾರ ಕೈಗೆ ಬೇಕಾದರೂ ಕೊಡು. ಬೇರೆಯವರು ಓದಿದರೂ ಅರ್ಥವಾಗಲಿ.

ಅದು ಅಕ್ಟೋಬರ್ ಎಂಟು, ಬುಧವಾರ. ದಸರೆಯ ಗದ್ದಲ ಮುಗಿದು ಮನೆ ಖಾಲಿಯಾಗಿತ್ತು. ಹಿಂದಿನ ದಿನವಷ್ಟೇ ರಾಯಚೂರಿನ ಅಂಜಿನಯ್ಯ ಮೇಷ್ಟ್ರು ರೂಮು ಬಿಟ್ಟಿದ್ದರು. ಎರಡು ದಿನ ಒಬ್ಬರೇ ಇದ್ದು, ಬೆಳಗಿನಿಂದ ಸಂಜೆಯವರೆಗೆ ಹಂಪಿಯ ಮಂಟಪಗಳನ್ನು ಸುತ್ತಿ, ಊಟಕ್ಕೆ ಕರೆದರೆ ಕೇಳಿಸದೆ ನಗುತ್ತಿದ್ದರಲ್ಲ, ಅವರು. ನೀನು ದಿಂಬಿನ ಚೀಲ ಕೊಡವಿದಾಗ ಅವರ ಕಿವಿಯ ಮಷಿನ್ ಬಿತ್ತು. ನೀನೇ ಅದನ್ನು ಹತ್ತಿಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ.

ಆ ಡಬ್ಬಿಯ ಕಾನೂನು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬಂದವರು ಏನು ಬಿಟ್ಟುಹೋದರೂ ಅದರೊಳಗೆ ಹೋಗಬೇಕು, ಮೂರು ದಿನದೊಳಗೆ ವಾರಸುದಾರರಿಗೆ ಸುದ್ದಿ ಮುಟ್ಟಬೇಕು. ಆದರೆ ಯಾರಾದರೂ ತಾವಾಗಿ ಫೋನ್ ಮಾಡಿದರೆ ಇಂಥದ್ದು ಸಿಕ್ಕಿದೆ ಎಂದು ನಾವು ಮೊದಲು ಹೇಳಬಾರದು. "ಕಳಕೊಂಡೋರ ಗುರುತು ಹೇಳ್ಲಿ" ಎನ್ನುತ್ತಿದ್ದೆ ನೀನು. ಒಬ್ಬ ಸಾಹೇಬರು ಕರಿ ಛತ್ರಿ ಬಿಟ್ಟಿದ್ದೇನೆ ಎಂದು ಜೋರು ಮಾಡಿದಾಗ ನೀನು, "ಲೋಕದಾಗಿನ ಛತ್ರಿ ಎಲ್ಲಾ ಕರೇವ ಅದಾವ್ರೀ ಸಾಹೇಬ್ರ, ಹಿಡಿಕಿ ಹೆಂಗೈತಿ ಹೇಳ್ರಿ" ಎಂದಿದ್ದೆ. ಮನೆಯ ಒಡತಿ ಚೆನ್ನಬಸಮ್ಮನವರು ಅದನ್ನು ಬಂದ ಅತಿಥಿಗಳಿಗೆಲ್ಲ ಹೇಳಿ ನಗುತ್ತಿದ್ದರು.

ಬುಧವಾರ ಬೆಳಿಗ್ಗೆ ನೀನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೋಮ್‌ಸ್ಟೇ ಫೋನಿನಲ್ಲಿ ಮೇಲ್ ಓದುವುದನ್ನು ಕಲಿಯುತ್ತಿದ್ದೆ. ಕಲಿಸುತ್ತಿದ್ದವಳು ನಾನೇ. ನಾನು ಕಂಪ್ಲಿಗೆ ಹೊರಡುವ ಅವಸರದಲ್ಲಿದ್ದೆ. ಅಲ್ಲಿನ ಹಾಸ್ಟೆಲ್ಲಿನ ಹುಡುಗಿಯರಿಗೆ ಆನ್‌ಲೈನ್ ಮೋಸದ ಬಗ್ಗೆ ಹೇಳಲು ನನ್ನನ್ನು ಕರೆದಿದ್ದರು. ಚೀಲದ ತುಂಬ ಕರಪತ್ರ, ಕಾಲಲ್ಲಿ ಚಪ್ಪಲಿ, ತಲೆಯಲ್ಲಿ ಒಂಬತ್ತೂ ಮುಕ್ಕಾಲರ ಬಸ್ಸು. ಆಗ ನೀನು ಒಂದು ಮೇಲನ್ನು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ.

ಅದರಲ್ಲಿದ್ದದ್ದು ಇಷ್ಟು. ಆತ್ಮೀಯ ಮಾಲೀಕರೇ, ನಿಮ್ಮಲ್ಲಿ ತಂಗಿದ್ದವರ ಮಗಳು ನಾನು, ನನ್ನ ತಂದೆಯ ಬೆಲೆಬಾಳುವ ವಸ್ತುವೊಂದು ಕೋಣೆಯಲ್ಲಿ ಉಳಿದಿದೆ, ಅದರ ಫೋಟೋ ಇಲ್ಲಿದೆ ನೋಡಿ, ಇಂದು ಸಂಜೆಯೊಳಗೆ ಉತ್ತರ ಬಾರದಿದ್ದರೆ ಬುಕಿಂಗ್ ಸೈಟಿಗೆ ದೂರು ಕೊಡುತ್ತೇವೆ. ಕೆಳಗೆ ನೀಲಿ ಬಣ್ಣದಲ್ಲಿ ಒಂದು ಲಿಂಕ್.

ನೀನು ಓದಿ ಮುಗಿಸಿ, ಫೋನನ್ನು ದೂರ ಹಿಡಿದು ಮತ್ತೊಮ್ಮೆ ನೋಡಿದೆ. "ಏನು ಕಳಕೊಂಡೀವಿ ಅಂತ ಬರ್ದಿಲ್ಲಲ್ಲ ತಂಗಿ" ಎಂದೆ. "ಮೇಷ್ಟ್ರ ಹೆಸರೂ ಇಲ್ಲ, ತನ್ನ ಹೆಸರೂ ಇಲ್ಲ. ಅಪ್ಪನ ಸಾಮಾನು ಕಳದ್ರ ಮಗಳಾದಾಕಿ ಅಪ್ಪನ ಹೆಸರು ಹೇಳ್ದ ಇರ್ತಾಳೇನು? ಒಂದು ಫೋನ್ ಹಚ್ಚಿ ಕೇಳೂಣು ತಡಿ."

ನಾನು ಏನೆಂದೆ ಎನ್ನುವುದು ನಿನಗೆ ನೆನಪಿರಬಹುದು, ಇಲ್ಲದಿರಬಹುದು. ನನಗೆ ದಿನವೂ ನೆನಪಾಗುತ್ತದೆ. ಕಿವಿ ಮಷಿನ್ ಸಿಕ್ಕಿದೆ, ಅದನ್ನು ಕೇಳಿ ಮೇಲ್ ಬಂದಿದೆ, ಇನ್ನೇನು ಅನುಮಾನ ಎಂದೆ. ಅಷ್ಟಕ್ಕೇ ಬಿಡದೆ, "ನಾ ಊರೂರಿಗೆ ಹೋಗಿ ಇದನ್ನ ಹೇಳಿಕೊಡಾಕಿ, ನನಗ ಹೇಳಿಕೊಡ್ತೀಯೇನ ಬಸಕ್ಕ?" ಎಂದೆ. ನೀನು ಸಿಟ್ಟಾಗಲಿಲ್ಲ. "ಆತು ತಗೋವಾ, ನಿನ್ನ ಕರಪತ್ರದಾಗ ಮಿರ್ಚಿ ಕಟ್ಟೋದಕ್ಕಿಂತ ಹೆಚ್ಚಿಂದು ನನಗೇನು ಗೊತ್ತು" ಎಂದು ನಕ್ಕು, ಫೋನ್ ನನ್ನ ಕೈಗಿಟ್ಟು, ಒಗೆದ ಹಾಸಿಗೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಮಾಳಿಗೆಗೆ ಹೋದೆ. ಮಾಳಿಗೆಯಿಂದ ನೀನು ಬಟ್ಟೆ ಝಾಡಿಸುವ ಸದ್ದು ಕೇಳುತ್ತಿರುವಾಗಲೇ ನಾನು ಲಿಂಕ್ ಒತ್ತಿದೆ.

ಫೋಟೋ ಬರಲಿಲ್ಲ. ನಮ್ಮ ಬುಕಿಂಗ್ ಸೈಟಿನ ಪುಟದ ಹಾಗೆಯೇ ಕಾಣುವ ಒಂದು ಪುಟ ಬಂತು. ಅದೇ ಬಣ್ಣ, ಅದೇ ಗುರುತು. ಫೋಟೋ ನೋಡಲು ಲಾಗಿನ್ ಆಗಿ ಎಂದಿತ್ತು. ಮೇಲೆ ವಿಳಾಸದ ಸಾಲನ್ನು ಓದಿದ್ದರೆ ಅದು ಸೈಟಿನ ಹೆಸರಲ್ಲ, ಆ ಹೆಸರಿಗೆ ಬಾಲ ಕಟ್ಟಿದ ಬೇರೆ ಯಾವುದೋ ಹೆಸರು ಎಂದು ತಿಳಿಯುತ್ತಿತ್ತು. ವಿಳಾಸದ ಸಾಲನ್ನು ಓದಿರಿ ಎಂದು ನನ್ನ ಕರಪತ್ರದ ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿದೆ. ನಾನು ಓದಲಿಲ್ಲ. ಪಾಸ್‌ವರ್ಡ್ ಹಾಕಿದೆ. ಚಕ್ರ ತಿರುಗುತ್ತಲೇ ಇತ್ತು, ನೆಟ್‌ವರ್ಕ್ ಇಲ್ಲ ಎಂದುಕೊಂಡೆ. ಆಮೇಲೆ ಒಟಿಪಿ ಬಂತು. ಇದನ್ನು ಯಾರಿಗೂ ಕೊಡಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿತ್ತು. ಅದನ್ನು ಓದುತ್ತಲೇ ಆರೂ ಅಂಕಿಗಳನ್ನು ಆ ಪುಟದಲ್ಲಿ ಹೊಡೆದು, ಫೋನನ್ನು ಅದರ ದಾರದಿಂದ ಮೊಳೆಗೆ ನೇತುಹಾಕಿ, ಬಸ್ಸಿಗೆ ಓಡಿದೆ.

ಕಂಪ್ಲಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಅವಸರ ಮಾಡಿಸುವವನನ್ನು ಮೊದಲು ಅನುಮಾನಿಸಿ ಎಂದೆ. ಹೆದರಿಸುವವನನ್ನು ಅನುಮಾನಿಸಿ, ಸಂಜೆಯೊಳಗೆ, ಈಗಲೇ, ಇಲ್ಲದಿದ್ದರೆ ಎನ್ನುವ ಮಾತು ಬಂದರೆ ಫೋನ್ ಕೆಳಗಿಟ್ಟು ಒಂದು ಲೋಟ ನೀರು ಕುಡಿಯಿರಿ ಎಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು.

ಆ ಸಂಜೆ ಅಂಜಿನಯ್ಯ ಮೇಷ್ಟ್ರು ಫೋನ್ ಮಾಡಿದರು. ನೀನು ಅಂಗಳದಲ್ಲಿ ನಿಂತು ಮಾತಾಡಿದ್ದು ಅರ್ಧ ಊರಿಗೆ ಕೇಳಿತು. ಯಾವ ಕಿವಿಯದು ಎಂದು ನೀನು ಕೇಳುವುದು, ಮಷಿನ್ ಇಲ್ಲದ ಅವರಿಗೆ ಅದು ಕೇಳಿಸದಿರುವುದು, ಅವರ ಹೆಂಡತಿ ಪಕ್ಕದಲ್ಲಿ ನಿಂತು ಅದನ್ನೇ ಕೂಗಿ ಹೇಳುವುದು, ಅವರು ಬೇರೆಯೇ ಉತ್ತರ ಕೊಡುವುದು. ಎದುರು ಮನೆಯ ಗುಡ್ಡಪ್ಪ ಮಾವ ಕಟ್ಟೆಯ ಮೇಲೆ ಕೂತು, "ಎಡಗಿವಿ ಅಂತಬೇ, ನಮಗ ಕೇಳಿಸ್ತು, ನಿನಗ ಕೇಳಿಸ್ಲಿಲ್ಲೇನು" ಎಂದು ನಕ್ಕ. ಎಡಗಿವಿ, ಹಿಂದೆ ಕೆಂಪು ಚುಕ್ಕಿ. ಗುರುತು ಸರಿಯಾಯಿತು. ಆಮೇಲೆ ನೀನು ಅವರ ಹೆಂಡತಿಯನ್ನು ಕೇಳಿದೆ, ನಿಮ್ಮ ಮಗಳೂ ಮೇಲ್ ಹಾಕಿದ್ದರಲ್ಲ ಎಂದು. ತಮಗಿರುವುದು ಮಗನೊಬ್ಬನೇ, ಅವನಿಗೆ ಈ ವಿಷಯ ಹೇಳಿಯೇ ಇಲ್ಲ ಎಂದರು ಅವರು.

ನೀನು ನನ್ನ ಕಡೆ ನೋಡಿದೆ. ನಾನು, "ಬ್ಯಾರೆ ಯಾರದೋ ಇರಬೇಕು ಬಿಡು" ಎಂದೆ. ನೀನು ನಂಬಿದೆ.

ಬಸಕ್ಕ, ಲಿಂಕ್ ಒತ್ತಿದ್ದು ಅವಸರದ ತಪ್ಪು. ಯಾರಿಗೂ ಆಗಬಹುದು. ಆ ಗಳಿಗೆಯಿಂದ ಮುಂದಿನ ಮೂರು ದಿನ ನಾನು ಮಾಡಿದ್ದಕ್ಕೆ ಆ ಹೆಸರು ಕೊಡಲು ಬರುವುದಿಲ್ಲ. ನನಗೆ ಎಲ್ಲ ಅರ್ಥವಾಗಿತ್ತು. ಕೂಡಲೇ ಪಾಸ್‌ವರ್ಡ್ ಬದಲಿಸಬೇಕು, ಸೈಟಿನವರಿಗೆ ತಿಳಿಸಬೇಕು, ಸೈಬರ್ ಮೋಸದ ಸಹಾಯವಾಣಿ ೧೯೩೦ಕ್ಕೆ ಫೋನ್ ಮಾಡಬೇಕು. ಆ ಮೂರನ್ನೂ ಮಲಗಿದ್ದಲ್ಲೇ ಒಪ್ಪಿಸಬಲ್ಲೆ. ಆದರೆ ಪಾಸ್‌ವರ್ಡ್ ಬದಲಿಸಿದರೆ ಚೆನ್ನಬಸಮ್ಮನವರ ನಂಬರಿಗೆ ಮೆಸೇಜ್ ಹೋಗುತ್ತದೆ. ಯಾಕೆ ಬದಲಿಸಿದೆ ಎಂದು ಕೇಳುತ್ತಾರೆ. ಆಗ ಹೇಳಬೇಕಾಗುತ್ತದೆ. ಊರಿಗೆಲ್ಲ ಬುದ್ಧಿ ಹೇಳುವ ಗಂಗೋತ್ರಿ ತಾನೇ ಬಿದ್ದಳು ಎಂದು ಗೊತ್ತಾಗುತ್ತದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಚೆನ್ನಾಗಿತ್ತು.

ಏನೂ ಆಗಲಿಕ್ಕಿಲ್ಲ ಎಂದುಕೊಂಡು ಗುರುವಾರ ಕಳೆದೆ, ಶುಕ್ರವಾರ ಕಳೆದೆ. ಆ ಎರಡು ದಿನದಲ್ಲಿ ಕಳ್ಳರು ನಮ್ಮ ಹೆಸರಿನೊಳಗೆ ಕೂತು, ಮುಂದಿನ ವಾರಗಳಲ್ಲಿ ಬರಬೇಕಾಗಿದ್ದ ಎಲ್ಲರಿಗೂ ನಾವೇ ಬರೆದ ಹಾಗೆ ಮೆಸೇಜ್ ಕಳಿಸಿದ್ದರು. ನಿಮ್ಮ ಬುಕಿಂಗ್ ಖಾತ್ರಿಯಾಗಿಲ್ಲ, ಹನ್ನೆರಡು ತಾಸಿನೊಳಗೆ ಈ ಲಿಂಕಿನಲ್ಲಿ ಮತ್ತೊಮ್ಮೆ ಹಣ ಕಟ್ಟಿ, ಮೊದಲು ಕಟ್ಟಿದ್ದು ತಾನಾಗಿ ವಾಪಸ್ ಬರುತ್ತದೆ. ಸೈಟಿನ ಒಳಗಿನಿಂದ, ನಮ್ಮ ಮನೆಯ ಫೋಟೋದ ಕೆಳಗೆ ಬಂದ ಮೆಸೇಜನ್ನು ಯಾರು ತಾನೆ ಅನುಮಾನಿಸುತ್ತಾರೆ? ಏಳು ಮನೆಯವರು ಕಟ್ಟಿದರು.

ಶನಿವಾರ ಮಧ್ಯಾಹ್ನ ಸೊಲ್ಲಾಪುರದವರು ಬಂದು ಇಳಿದರು. ಗಂಡ, ಹೆಂಡತಿ, ಮಂಡಿನೋವಿನ ಮುದುಕಿ. ಎರಡು ಸಲ ಹಣ ಯಾಕೆ ತಗೊಂಡಿರಿ ಎಂದು ಆ ಹೆಣ್ಣುಮಗಳು ಬಾಗಿಲಲ್ಲೇ ಫೋನ್ ತೋರಿಸಿದಳು. ಚೆನ್ನಬಸಮ್ಮನವರ ಮುಖ ನೀನು ನೋಡಲಿಲ್ಲ, ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಇಪ್ಪತ್ತು ವರ್ಷ ಉಣ್ಣಲಿಕ್ಕೆ ಕೊಟ್ಟು ಗಳಿಸಿದ ಹೆಸರು ಅವರದು. ಆಮೇಲೆ ಏನಾಯಿತು ಎಂದು ವಿಚಾರಣೆ ಶುರುವಾಯಿತು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಅವರು ನಿನ್ನನ್ನು ಕರೆದರು. "ಬುಧವಾರ ಫೋನ್ ನಿನ್ನ ಕೈಯಾಗ ಇತ್ತಂತಲ್ಲ ಬಸಕ್ಕ" ಎಂದರು. ನೀನು ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ಓದಾಕ ಹಿಡದಿದ್ದೆ ರೀ ಅವ್ವಾರ. ಬೆರಳು ತಾಗ್ತೋ ಏನೋ, ನನಗ ತಿಳೀಲಿಲ್ಲ" ಎಂದೆ. ಅವರು, "ತಿಳೀದಿದ್ರ ಮುಟ್ಟಬಾರ್ದಿತ್ತು" ಎಂದರು. ಅಷ್ಟೇ ಅಂದದ್ದು. ನಿನಗೆ ಅಷ್ಟು ಸಾಕಾಯಿತು. ಐದು ವರ್ಷದ ಕೆಲಸವನ್ನು ಒಂದು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಸಂಜೆಯ ಬಸ್ಸಿಗೆ ಹೋದೆ. ನಾನು ಗೇಟಿನವರೆಗೂ ಬರಲಿಲ್ಲ.

ಈಗ ಇದನ್ನು ಗಮನವಿಟ್ಟು ಓದು. ನಿನ್ನ ಬೆರಳು ಆ ಲಿಂಕಿಗೆ ತಾಗಿಲ್ಲ. ತಾಗಿದ್ದರೂ ಆ ಪುಟ ತೆರೆಯುತ್ತಿತ್ತೇ ಹೊರತು ಈ ಕಳ್ಳತನ ಆಗುತ್ತಿರಲಿಲ್ಲ. ಕಳ್ಳರಿಗೆ ಬೇಕಾಗಿದ್ದದ್ದು ಪಾಸ್‌ವರ್ಡ್ ಮತ್ತು ಒಟಿಪಿ. ಪಾಸ್‌ವರ್ಡ್ ನಿನಗೆ ಗೊತ್ತೇ ಇರಲಿಲ್ಲ. ಅದು ಗೊತ್ತಿದ್ದದ್ದು ಈ ಮನೆಯಲ್ಲಿ ಬುಕಿಂಗ್ ನೋಡಿಕೊಳ್ಳುವ ನನಗೊಬ್ಬಳಿಗೇ. ಈ ಒಂದು ಮಾತು ಹೇಳಿದ್ದರೆ ನೀನು ಆ ದಿನವೇ ತಲೆ ಎತ್ತಿ ನಿಲ್ಲುತ್ತಿದ್ದೆ. ನಿನ್ನ ಬೆರಳಿನ ಮೇಲೆ ನೀನೇ ಅನುಮಾನಪಟ್ಟುಕೊಂಡು ಒಂದು ತಿಂಗಳು ಕಳೆದೆ. ನಾನು ಕಳೆಯಲು ಬಿಟ್ಟೆ.

ನೀನು ಹೋದ ಮೇಲೆ ಅದೇ ಶನಿವಾರ ಮಾಡಬೇಕಾದ್ದನ್ನೆಲ್ಲ ಓಡಾಡಿ ಮಾಡಿದೆ. ಪಾಸ್‌ವರ್ಡ್ ಬದಲಿಸಿದೆ, ಸೈಟಿನವರಿಗೆ ತಿಳಿಸಿದೆ, ೧೯೩೦ಕ್ಕೆ ಫೋನ್ ಹಚ್ಚಿದೆ, ಆನ್‌ಲೈನ್ ದೂರು ಕೊಟ್ಟೆ, ಹೊಸಪೇಟೆಗೆ ಹೋಗಿ ಪೊಲೀಸರಿಗೂ ಬರೆದುಕೊಟ್ಟೆ, ಏಳು ಮನೆಯವರಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ಅವರವರ ಬ್ಯಾಂಕಿಗೆ ತಿಳಿಸಲು ಹೇಳಿದೆ. ಎಲ್ಲರೂ ನನ್ನ ಚುರುಕುತನವನ್ನು ಹೊಗಳಿದರು. ನಾಲ್ಕು ಮನೆಯವರ ಹಣ ಯಾವುದೋ ಖಾತೆಯಲ್ಲಿ ತಡೆಹಿಡಿದಿದ್ದಾರಂತೆ, ವಾಪಸ್ ಬರುತ್ತದೆ ಎನ್ನುತ್ತಾರೆ. ಬುಧವಾರ ಸಂಜೆಯೇ ಇದನ್ನೆಲ್ಲ ಮಾಡಿದ್ದರೆ ಆ ಏಳರಲ್ಲಿ ಒಬ್ಬರೂ ಕಟ್ಟುತ್ತಿರಲಿಲ್ಲ.

ಹೋದ ವಾರ ಯಲ್ಲೇಶ್ ಸಿಕ್ಕಾಗ ಮಿಕ್ಕ ವಿಷಯವನ್ನೂ ಹೇಳಿದ. ಕಾಲುವೆ ರಸ್ತೆಯಲ್ಲಿ ಭತ್ತ ಒಣಗಿಸುವ ಕೂಲಿಗೆ ಹೋಗುತ್ತಿದ್ದೀಯಂತೆ. ಅಲ್ಲಿ ಒಬ್ಬ ಹೆಂಗಸು ತನ್ನ ಮಗಳಿಗೆ ಫೋನ್ ಹಚ್ಚಿಕೊಡು ಎಂದು ನಿನ್ನ ಕೈಗೆ ಕೊಟ್ಟಳಂತೆ, ಇನ್ನೊಬ್ಬಳು ಅದನ್ನು ಕಸಿದುಕೊಂಡು, "ಅಕಿ ಕೈಯಾಗ ಕೊಡಬ್ಯಾಡಬೇ, ಕಳ್ಳರ ಜೋಡಿ ಪಾಲು ಐತಂತ" ಎಂದಳಂತೆ. ನೀನು ಭತ್ತ ಹರವುತ್ತ ಮುಂದೆ ಹೋದೆಯಂತೆ. ಯಲ್ಲೇಶ್ ಇದನ್ನು ಹೇಳುವಾಗ ಆಟೋದ ಹ್ಯಾಂಡಲ್ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದ. "ಅಕ್ಕಾ, ನೀವು ಓದಿದೋರು. ನಮ್ಮತ್ತಿ ಹಂಗ ಮಾಡಾಕಿ ಏನ್ರೀ?" ಎಂದು ಕೇಳಿದ. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದೆ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸಂಡೂರಿನಲ್ಲಿ ಗಣಿ ಲಾರಿಗೆ ಹೋಗುತ್ತಿದ್ದ ನಮ್ಮಪ್ಪ ಕಾರ್ಮಿಕ ಸಂಘದ ಕರಪತ್ರಗಳನ್ನು ಟ್ರಂಕಿನಲ್ಲಿ ಕೂಡಿಡುತ್ತಿದ್ದ. ನಾನು ಅಕ್ಷರ ಕಲಿತದ್ದು ಅವುಗಳಲ್ಲಿ. ದುಡಿಯುವವರು ಒಬ್ಬರನ್ನೊಬ್ಬರು ಬಿಟ್ಟುಕೊಡಬಾರದು ಎಂದು ಅವುಗಳಲ್ಲಿ ಎಷ್ಟು ಕಡೆ ಇತ್ತೋ. ಹೋಮ್‌ಸ್ಟೇ ಅಡುಗೆಮನೆಯಲ್ಲಿ ನಿನಗೂ ಅದನ್ನು ಎಷ್ಟು ಸಲ ಹೇಳಿದ್ದೇನೆ. ವಾರದ ರಜೆ ಕೇಳು, ಕೂಲಿ ಹೆಚ್ಚು ಮಾಡಲು ಕೇಳು, ಹೆದರಬೇಡ, ನಾನಿದ್ದೇನೆ ಎಂದಿದ್ದೇನೆ. ನಾನಿದ್ದೆ, ಹೌದು.

ಮೊನ್ನೆ ಗುರುವಾರ ಬೆಳಿಗ್ಗೆ ಚೆನ್ನಬಸಮ್ಮನವರಿಗೆ ಎಲ್ಲ ಹೇಳಿದೆ. ಅವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಶೇಂಗಾ ಚಟ್ನಿ ಕುಟ್ಟಲು ಕೂತಿದ್ದರು. ನಾನು ಹೇಳುತ್ತಾ ಹೋದ ಹಾಗೆ ಕುಟ್ಟುವುದು ನಿಧಾನವಾಯಿತು, ಆಮೇಲೆ ನಿಂತಿತು. ನನ್ನ ಸಂಬಳ ಹಿಡಿಯಿರಿ, ಬೇಕಾದರೆ ಕೆಲಸದಿಂದ ತೆಗೆಯಿರಿ ಎಂದೆ. "ನಿನ್ನ ಸಂಬಳ ಹಿಡದ್ರ ಬಸಕ್ಕ ಮನಿಗೆ ಬರ್ತಾಳೇನು?" ಎಂದರು. ಆಮೇಲೆ, "ನೀ ಓದಿ ಕೆಟ್ಟಿಲ್ಲ ಯವ್ವಾ. ಓದಿದ್ದೆಲ್ಲ ಬ್ಯಾರೇದವರಿಗೆ ಅಂತ ತಿಳಕೊಂಡೀ, ಅದಕ್ಕ ಕೆಟ್ಟೀ" ಎಂದರು.

ನಾನು ತಲೆ ತಗ್ಗಿಸಿದೆ. ಅವರು ಒನಕೆಯ ತುದಿಗೆ ಅಂಟಿದ್ದನ್ನು ಬೆರಳಿನಿಂದ ತೆಗೆಯುತ್ತ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ನಾನೂ ಒಂದು ಮಾತು ಕೇಳ್ಲಿಲ್ಲ ನೋಡು. ಪಾತ್ರಿ ತಿಕ್ಕಾಕಿ ಮ್ಯಾಲೆ ತಪ್ಪು ಹಾಕಾಕ ಹೊತ್ತು ಬೇಕಾಗಂಗಿಲ್ಲ" ಎಂದರು. ಆ ದಿನ ಮಧ್ಯಾಹ್ನ ಅವರು ಊಟ ಮಾಡಲಿಲ್ಲ.

ಬಸಕ್ಕ, ಒಂದು ವಿಷಯ ಯೋಚಿಸಿದ್ದೇನೆ, ನಿನಗೆ ಹೇಳಬೇಕು. ಈ ಕಳ್ಳರು ದಡ್ಡರನ್ನು ಹುಡುಕಿಕೊಂಡು ಬರುತ್ತಾರೆ ಎಂದು ನಾನು ಇಲ್ಲಿಯವರೆಗೆ ಹೇಳುತ್ತ ಬಂದೆ. ನಮ್ಮ ಮನೆಗೆ ಅವರು ಕೈ ಹಾಕಿದ್ದು ನಮ್ಮ ಒಳ್ಳೆಯತನದ ಕಡೆಯಿಂದ. ಬಿಟ್ಟುಹೋದ ವಸ್ತುವನ್ನು ತಿರುಗಿ ಮುಟ್ಟಿಸುವ ಮನೆಯವರೇ ಅಂಥ ಮೇಲನ್ನು ಓಡಿಹೋಗಿ ತೆರೆಯುವುದು. ಸಿಕ್ಕಿದ್ದನ್ನು ಜೇಬಿಗೆ ಇಳಿಸುವವನು ಅದನ್ನು ತೆರೆಯುವುದೇ ಇಲ್ಲ. ಅದರಿಂದ ನಾವು ಒಳ್ಳೆಯತನ ಬಿಡಬೇಕಾಗಿಲ್ಲ. ನೀನು ಕೇಳಿದ ಹಾಗೆ ಒಂದು ಪ್ರಶ್ನೆ ಕೇಳಬೇಕು, ಅಷ್ಟೇ. ಮೋಸ ಹೋದವರು ನಾಚಿಕೆಯಿಂದ ಬಾಯಿ ಮುಚ್ಚಿದಷ್ಟು ದಿನ ಕಳ್ಳನಿಗೆ ಸುಗ್ಗಿ. ಇದನ್ನು ಯಾವ ಕಾಗದದಲ್ಲೂ ಓದಿದ್ದಲ್ಲ, ಮಾಡಿ ಕಲಿತದ್ದು.

ನನ್ನ ಹಳೆಯ ಕರಪತ್ರಗಳನ್ನು ನೀರೊಲೆಗೆ ಹಾಕಿದೆ. ಹೊಸದನ್ನು ಬರೆದಿದ್ದೇನೆ, ಒಂದೇ ಪುಟ. ಮೊದಲ ಸಾಲಿನಲ್ಲಿ 'ಕಳಕೊಂಡೋರ ಗುರುತು ಹೇಳ್ಲಿ' ಎನ್ನುವ ನಿನ್ನ ಮಾತಿದೆ, ಅದರ ಕೆಳಗೆ ನಿನ್ನ ಹೆಸರಿದೆ. ನಿನ್ನನ್ನು ಕೇಳದೆ ಹೆಸರು ಹಾಕಿದೆ, ಬೇಡವೆಂದರೆ ತೆಗೆಯುತ್ತೇನೆ. ಅದು ಆಗಲೇ ಕೆಲಸಕ್ಕೆ ಬಂದಿದೆ. ಹಂಪಿಯಲ್ಲಿ ಸೈಕಲ್ ಬಾಡಿಗೆ ಕೊಡುವ ಮುರುಗೇಶನಿಗೆ ಶುಕ್ರವಾರ ಒಂದು ಫೋನ್ ಬಂತಂತೆ. ನಿನ್ನೆ ನಿಮ್ಮ ಸೈಕಲ್ ತಗೊಂಡಿದ್ದೆವು, ಬಾಡಿಗೆ ಕಳಿಸುವಾಗ ಒಂದು ಸೊನ್ನೆ ಹೆಚ್ಚಾಗಿ ಬಿದ್ದಿದೆ, ಮೆಸೇಜ್ ನೋಡಿ, ಉಳಿದದ್ದನ್ನು ಜಲ್ದಿ ವಾಪಸ್ ಹಾಕಿ ಎಂದು. ಹಣ ಬಂದಿದೆ ಎನ್ನುವ ಮೆಸೇಜೂ ಇತ್ತು. ಮೊದಲಾಗಿದ್ದರೆ ಪಾಪ, ಮಂದಿಯ ಹಣ ನಮಗೆ ಯಾಕೆ ಎಂದು ಹಾಕಿಬಿಡುತ್ತಿದ್ದನಂತೆ. ಈ ಸಲ, "ಯಾವ ಸೈಕಲ್ ಹೇಳ್ರಿ? ಮುಂದ ಬುಟ್ಟಿ ಇತ್ತೋ ಇರಲಿಲ್ಲೋ?" ಎಂದು ಕೇಳಿದ. ಆ ಕಡೆಯವನು ಬುಟ್ಟಿ ಇತ್ತು ಎಂದ. ಮುರುಗೇಶ, "ನಮ್ಮ ಒಂದು ಸೈಕಲ್ಲಿಗೂ ಬುಟ್ಟಿ ಇಲ್ಲಪಾ, ನೀ ಯಾರ ಸೈಕಲ್ ಹೊಡದೀ?" ಎಂದನಂತೆ. ಫೋನ್ ಕಟ್ಟಾಯಿತು. ಬ್ಯಾಂಕಿನ ಖಾತೆ ನೋಡಿದರೆ ಯಾವ ಹಣವೂ ಬಂದಿರಲಿಲ್ಲ, ಆ ಮೆಸೇಜನ್ನು ಕಳ್ಳನೇ ಬರೆದು ಕಳಿಸಿದ್ದ. ಮುರುಗೇಶ ಇದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ. ಬಸಕ್ಕ ಎಂದರೆ ಯಾರು ಎಂದು ಎಲ್ಲರೂ ಕೇಳುತ್ತಿದ್ದಾರೆ.

ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮಾಳಿಗೆಯ ಮೇಲೆ ಕಡ್ಡಿರಾಂಪುರದ ಎಲ್ಲ ಹೋಮ್‌ಸ್ಟೇಯವರೂ ಸೇರುತ್ತಾರೆ. ನಡೆದದ್ದನ್ನು ನನ್ನ ಹೆಸರು ಹೇಳಿ, ನಿನ್ನ ಹೆಸರು ಹೇಳಿ, ನಾನು ಹೇಳುತ್ತೇನೆ. ನೀನು ಬರಬೇಕೆಂದು ಚೆನ್ನಬಸಮ್ಮನವರ ಆಸೆ, ಕೆಲಸಕ್ಕೂ ಬರಬೇಕೆಂದು ಆಸೆ. ನನ್ನ ಮಾತು ಕೇಳುವುದಾದರೆ, ಬಂದರೂ ಸುಮ್ಮನೆ ಅಡುಗೆಮನೆಗೆ ನಡೆದು ಹೋಗಬೇಡ. ತಪ್ಪಾಯಿತು ಎನ್ನುವ ಮಾತನ್ನು ಅವರ ಬಾಯಿಂದ ಕೇಳಿಯೇ ಒಳಗೆ ಬಾ. ಅವರು ಹೇಳುತ್ತಾರೆ, ಹೇಳಲು ಕಾಯುತ್ತಿದ್ದಾರೆ. ಬರಬಾರದೆನಿಸಿದರೆ ಅದೂ ಸರಿ. ನಿನ್ನ ಹೆಸರು ನೀನು ಇಲ್ಲದಿದ್ದರೂ ಶುದ್ಧವಾಗಲೇಬೇಕು, ಆಗುತ್ತದೆ.

ಸೊಲ್ಲಾಪುರದ ಆ ಹೆಣ್ಣುಮಗಳು ಮೊನ್ನೆ ಫೋನ್ ಮಾಡಿದ್ದಳು. ಜನವರಿಯಲ್ಲಿ ಮತ್ತೆ ಬರುತ್ತಾರಂತೆ, ಅತ್ತೆಗೆ ಹಂಪಿ ಪೂರ್ತಿ ನೋಡಲು ಆಗಲಿಲ್ಲವಂತೆ. ಚೆನ್ನಬಸಮ್ಮನವರು 'ಬರ್ರಿ, ಬರ್ರಿ' ಎಂದರು, ಅವರಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲವಂತೆ. ಮೋಸ ಹೋದ ಮನೆಗೇ ತಿರುಗಿ ಬರುವವರೂ ಇದ್ದಾರೆ. ಈ ಕಾಗದ ಬರೆಯುವ ಧೈರ್ಯ ನನಗೆ ಅವರಿಂದಲೂ ಬಂತು ಎನ್ನಬೇಕು.

ಕ್ಷಮೆಯನ್ನು ಕಾಗದದಲ್ಲಿ ಕೇಳುವುದಿಲ್ಲ. ಅದನ್ನು ಎದುರಿಗೆ ನಿಂತು ಕೇಳಬೇಕು.

ನಿನ್ನಿಂದ ಕಲಿಯಬೇಕಾದದ್ದು ಇನ್ನೂ ಬಹಳ ಇರುವ,
ಗಂಗೋತ್ರಿ

ಮತ್ತೆ ಬರೆಯುತ್ತಿರುವುದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ಶನಿವಾರ ಬಾಯಿ ಮುಚ್ಚಿಕೊಂಡು ನಿಂತೆ ಎಂದು ಮೇಲೆ ಬರೆದಿದ್ದೇನೆ. ಅದು ಸುಳ್ಳು. ನೀನು ಹಿತ್ತಿಲಲ್ಲಿದ್ದಾಗ, ಬುಧವಾರ ಫೋನ್ ಯಾರ ಕೈಲಿತ್ತು ಎಂದು ಚೆನ್ನಬಸಮ್ಮನವರು ನನ್ನನ್ನೇ ಕೇಳಿದರು. "ಬಸಕ್ಕನ ಕೈಯಾಗಿತ್ತು" ಎಂದವಳು ನಾನು. ಅವರಾಗಿ ನಿನ್ನ ಹೆಸರು ತೆಗೆಯಲಿಲ್ಲ, ನಾನು ಕೊಟ್ಟೆ. ಗುರುವಾರ ಅವರು ಇದನ್ನೂ ನೆನಪಿಸಿದರು. "ಅದನ್ನ ಅಕಿಗೆ ನೀನ ಹೇಳು, ನಾ ಹೇಳಂಗಿಲ್ಲ" ಎಂದರು. ಹಾಳೆಯ ಆ ಕಡೆ ಬರೆಯಲು ಕೈ ಬರಲಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಇದನ್ನು ಓದಿದ ಮೇಲೆ ನಿನ್ನನ್ನು ಕಡ್ಡಿರಾಂಪುರಕ್ಕೆ ಬಾ ಎಂದು ಕರೆಯಲು ನನಗೆ ಮುಖವಿಲ್ಲ. ನಿನ್ನ ಹೆಸರು ಕೆಟ್ಟಿರುವುದು ನಿಮ್ಮೂರು ಎಮ್ಮಿಗನೂರಿನಲ್ಲಿ. ಮಾಳಿಗೆಯ ಸಭೆ ಮಧ್ಯಾಹ್ನಕ್ಕಿದೆ, ಅದಕ್ಕೂ ಮೊದಲು ನಾನೇ ಬರುತ್ತೇನೆ. ನೀವು ಭತ್ತ ಹರವುವ ಕಾಲುವೆ ರಸ್ತೆಯಲ್ಲಿ, ಆ ಹೆಂಗಸರೆಲ್ಲರ ಮುಂದೆ, ಮೇಲೆ ಬರೆದದ್ದನ್ನೂ ಕೆಳಗೆ ಬರೆದದ್ದನ್ನೂ ಹೇಳುತ್ತೇನೆ. ನೀನು ಮಾತಾಡಲೇಬೇಕೆಂದಿಲ್ಲ, ಬೈಯಬೇಕೆನಿಸಿದರೆ ಬೈ. ಅಲ್ಲಿ ಇರು, ಅಷ್ಟೇ.

ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಎಂಟೂವರೆಗೆ.